ಸಂತ ಅಂತೋಣಿಯವರ ಸ್ವರೂಪದ ದುರಸ್ತಿ: ಶಿವಮೊಗ್ಗದ ಕಾರ್ಯಾಗಾರವೊಂದರ ಕೆಲಸ

ತೀರ್ಥಹಳ್ಳಿ ಸೀಮೆಯ ನಮ್ಮ ಚರ್ಚಿನಲ್ಲಿರುವ ಪಾದುವಾದ ಸಂತ ಅಂತೋಣಿಯವರ ಸ್ವರೂಪವನ್ನು, ಅಂದರೆ ಪ್ರತಿಮೆಯನ್ನು, ಈ ಬೇಸಿಗೆಯಲ್ಲಿ ಶಿವಮೊಗ್ಗದ ಕಾರ್ಯಾಗಾರವೊಂದಕ್ಕೆ ದುರಸ್ತಿಗೆ ಕೊಟ್ಟಿದ್ದೆವು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸ್ವರೂಪಗಳು ಮಲೆನಾಡಿನ ಮಳೆಗಾಲವನ್ನು ತಾಳಿಕೊಳ್ಳುವುದು ಕಷ್ಟ. ಗೋಡೆಯ ಥಂಡಿಯನ್ನು ಹೀರಿ ಪ್ಲಾಸ್ಟರ್ ಮೆತ್ತಗಾಗಿ, ಒಳಗಿನ ಕಬ್ಬಿಣದ ತಂತಿ ತುಕ್ಕು ಹಿಡಿದು ಉಬ್ಬಿ, ಸಂತರು ಎತ್ತಿಕೊಂಡಿರುವ ಬಾಲಯೇಸುವಿನ ಬೆರಳುಗಳು ಒಡೆದಿದ್ದವು. ಹಿಂದೆ ಯಾರೋ ಭಕ್ತಿಯಿಂದಲೇ ಬಳಿಸಿದ್ದ ಎನಾಮಲ್ ಬಣ್ಣವು ಒಳಗಿನ ತೇವ ಆರಲು ಬಿಡದೆ ಹಕ್ಕಳೆಯಾಗಿ ಏಳುತ್ತಿತ್ತು.

ಈ ಕೆಲಸಗಾರರನ್ನು ನಾನು ಮನಸಾರೆ ಮೆಚ್ಚುವುದು ಅವರು ಸಂತರ ಮುಖವನ್ನು ಉಳಿಸಿಕೊಟ್ಟದ್ದಕ್ಕೆ. ಮಂಗಳವಾರದ ನೊವೇನಾ ಪ್ರಾರ್ಥನೆಗೆ ಬರುವವರು, ಅವರಲ್ಲಿ ಕ್ರೈಸ್ತರಲ್ಲದವರೂ ಅನೇಕರು, ಮೇಣದಬತ್ತಿ ಹಚ್ಚಿ ಕಣ್ಣೆತ್ತಿ ನೋಡುವುದು ಆ ಮುಖವನ್ನೇ. ಕಳೆದುಹೋದ ವಸ್ತುವಿಗಾಗಿ, ಮಗಳ ಮದುವೆಗಾಗಿ, ಕಾಯಿಲೆಯವರಿಗಾಗಿ ಹರಕೆ ಹೊತ್ತವರಿಗೆ ಅದು ಬದಲಾಗಬಾರದ ಮುಖ. ಉಪ್ಪುಕಾಗದದಿಂದ ಉಜ್ಜಿ ಹೊಸದಾಗಿ ಬಳಿದುಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡದೆ, ಮೇಲಿನ ಎನಾಮಲ್ ಪದರವನ್ನಷ್ಟೇ ಸಣ್ಣ ಅಲಗಿನಿಂದ ತಾಳ್ಮೆಯಿಂದ ಬಿಡಿಸಿ, ಅಡಿಯಲ್ಲಿದ್ದ ಮೊದಲಿನ ಬಣ್ಣಕ್ಕೆ ಹೊಂದುವಂತೆ ಬೆರೆಸಿ, ಸವೆದ ಕಡೆಗಳಿಗೆ ಮಾತ್ರ ತುಂಬಿದರು. ತುಟಿಯನ್ನು ಕೆಂಪಗೆ ಮಾಡಿಲ್ಲ, ಹುಬ್ಬನ್ನು ತೀಡಿಲ್ಲ.

ಸಂಕೇತಗಳ ಅರಿವೂ ಅವರಿಗಿದೆ. ಸೊಂಟದ ಹಗ್ಗದ ಮೂರು ಗಂಟುಗಳು ಅಂತೋಣಿಯವರು ಸೇರಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ವ್ರತಗಳನ್ನು ಸೂಚಿಸುತ್ತವೆ. ಉದುರಿಹೋಗಿದ್ದ ಒಂದು ಗಂಟನ್ನು ನಾವು ಹೇಳುವ ಮೊದಲೇ ಸೇರಿಸಿದ್ದರು. ಲಿಲ್ಲಿ ಹೂವು ಶುದ್ಧತೆಯದು. ಕೈಯಲ್ಲಿರುವ ಗ್ರಂಥ ನನಗೆ ಇನ್ನೂ ಮುಖ್ಯ, ಏಕೆಂದರೆ ಪವಾಡಗಳ ಭರದಲ್ಲಿ ನಾವು ಮರೆಯುವ ಸಂಗತಿಯೆಂದರೆ ಅಂತೋಣಿಯವರು ಮಹಾ ಬೋಧಕರು, 1946ರಲ್ಲಿ ಧರ್ಮಸಭೆಯ ಪಂಡಿತರೆಂದು, ಅಂದರೆ ವಿಶ್ವಾಸದ ಬೋಧನೆಯಲ್ಲಿ ಶ್ರೇಷ್ಠ ಗುರುವೆಂದು, ಘೋಷಿತರಾದವರು. ಮಾಸಿದ್ದ ಆ ಗ್ರಂಥದ ಅಂಚುಗಳು ಈಗ ಬಾಗಿಲಿನಿಂದಲೇ ಸ್ಪಷ್ಟವಾಗಿ ಕಾಣುತ್ತವೆ.

ಕೊರತೆಯಿರುವುದು ನಿಲುವಂಗಿಯಲ್ಲಿ. ಅದರ ಕಂದು ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಹಚ್ಚಿದ್ದರಿಂದ ಟ್ಯೂಬ್‌ಲೈಟಿನ ಬೆಳಕು ಪ್ರತಿಫಲಿಸಿ, ಬಡತನದ ವ್ರತ ತೊಟ್ಟವರ ಒರಟು ಬಟ್ಟೆ ರೇಷ್ಮೆಯಂತೆ ಕಾಣುತ್ತದೆ. ಹೊಳಪಿಲ್ಲದ ಲೇಪವೇ ಬೇಕೆಂದು ಕೆಲಸ ಒಪ್ಪಿಸುವಾಗಲೇ ತಿಳಿಸುವುದು ಒಳ್ಳೆಯದು.

ಅಂತೋಣಿಯವರು 1231ರ ಜೂನ್ 13ರಂದು ತೀರಿಕೊಂಡದ್ದರಿಂದ ಹಬ್ಬವು ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೇ ಬೀಳುತ್ತದೆ. ಪ್ಲಾಸ್ಟರ್ ಚೆನ್ನಾಗಿ ಒಣಗಬೇಕಾದರೆ ಫೆಬ್ರವರಿಯೊಳಗೆ ಸ್ವರೂಪವನ್ನು ಕಾರ್ಯಾಗಾರಕ್ಕೆ ತಲುಪಿಸಬೇಕು. ಹಿಂದೆ ಗಾಳಿಯಾಡುವಂತೆ ಗೋಡೆಯಿಂದ ನಾಲ್ಕು ಬೆರಳು ಅಂತರ ಬಿಟ್ಟು, ಮರದ ಪೀಠದ ಮೇಲೆ ನಿಲ್ಲಿಸಲು ಅವರು ಹೇಳಿದ್ದರು, ಹಾಗೆಯೇ ನಿಲ್ಲಿಸಿದ್ದೇವೆ.