ಮೊಬೈಲ್ ಕತ್ತುನೋವಿಗೆ ಬೆಲ್ಟ್, ಸ್ಟ್ರೆಚರ್, ಸ್ಟ್ಯಾಂಡ್: ಯಾವುದನ್ನು ಕೊಳ್ಳಬೇಕು?

ಮೊಬೈಲ್ ನೋಡಿ ನೋಡಿ ಕತ್ತು ಹಿಡಿದುಕೊಂಡವರಿಗೆಂದೇ ಮಾರುವ ಸಾಮಾನುಗಳಲ್ಲಿ ಮೂರು ಮುಖ್ಯ: ಬೆನ್ನಿಗೆ ಕಟ್ಟುವ ಪೋಶ್ಚರ್ ಬೆಲ್ಟ್, ಮಲಗಿ ಕತ್ತಿನಡಿ ಇಟ್ಟುಕೊಳ್ಳುವ ಫೋಮ್ ಸ್ಟ್ರೆಚರ್, ಮೇಜಿನ ಮೇಲಿಡುವ ಮೊಬೈಲ್ ಸ್ಟ್ಯಾಂಡ್. ಒಂದನ್ನೇ ಕೊಳ್ಳುವುದಾದರೆ ಕಣ್ಣುಮುಚ್ಚಿ ಸ್ಟ್ಯಾಂಡ್ ತೆಗೆದುಕೊಳ್ಳಿ.

ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಹಿಂಗತ್ತಿನ ಸ್ನಾಯುಗಳು ಹೆಚ್ಚು ಬಲ ಹಾಕಿ ಎಳೆದು ಹಿಡಿಯಬೇಕು. 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ 27 ಕಿಲೋ ಭಾರ ಎಂದು ಜಾಹೀರಾತುಗಳು ಹೇಳುವ ಅಂಕಿ 2014ರ ಒಂದು ಕಂಪ್ಯೂಟರ್ ಮಾದರಿಯ ಲೆಕ್ಕ, ಮನುಷ್ಯರ ಮೇಲೆ ಅಳೆದದ್ದಲ್ಲ. ಆದರೂ ಬಾಗು ಹೆಚ್ಚಿದಂತೆ ಹೊರೆ ಹೆಚ್ಚುವುದಂತೂ ನಿಜ. ಆ ಬಾಗನ್ನೇ ತಪ್ಪಿಸುವುದು ಈ ಮೂರರಲ್ಲಿ ಸ್ಟ್ಯಾಂಡ್ ಒಂದೇ.

ಎಲ್ಲ ಸ್ಟ್ಯಾಂಡೂ ಆಗುವುದಿಲ್ಲ. ಮಾಮೂಲಿ ಸ್ಟ್ಯಾಂಡು ಮೊಬೈಲನ್ನು ಒಂದು ಗೇಣು ಎತ್ತುತ್ತದೆ ಅಷ್ಟೆ; ಕುಳಿತವರ ಕಣ್ಣು ಮೇಜಿನಿಂದ ಸುಮಾರು 40 ಸೆಂ.ಮೀ. ಮೇಲಿರುತ್ತದೆ. ಕನಿಷ್ಠ 30 ಸೆಂ.ಮೀ. ಏರುವಂಥದ್ದನ್ನು ಆರಿಸಿ, ಉಳಿದ ಎತ್ತರಕ್ಕೆ ಅದರ ಕೆಳಗೆ ದಪ್ಪ ಪುಸ್ತಕ ಇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ, ದೂರ 40 ಸೆಂ.ಮೀ. ಇರಲಿ. ಅಕ್ಷರದ ಗಾತ್ರವನ್ನೂ ಹೆಚ್ಚಿಸಿ. ಇಲ್ಲದಿದ್ದರೆ ಸಣ್ಣ ಅಕ್ಷರ ಓದಲು ತಲೆ ತಾನಾಗಿಯೇ ಮುಂದೆ ಚಾಚುತ್ತದೆ. ಬೇಕಾದಂತೆ ಬಗ್ಗಿಸಬಹುದಾದ ತಂತಿಯ ಸ್ಟ್ಯಾಂಡುಗಳು ಬೆರಳು ತಾಕಿದರೆ ಸಾಕು, ಓಲಾಡುತ್ತವೆ. ಭಾರವಾದ ತಳ, ಸ್ಕ್ರೂ ಬಿಗಿಮಾಡಬಹುದಾದ ಕೀಲು ಇರುವುದು ಬಾಳಿಕೆ ಬರುತ್ತದೆ. ಒಂದು ಮಿತಿಯುಂಟು: ಇಷ್ಟು ಎತ್ತರದಲ್ಲಿ ತುಂಬ ಹೊತ್ತು ಟೈಪ್ ಮಾಡಿದರೆ ಭುಜ ಸೋಲುತ್ತದೆ. ನೋಡುವುದಕ್ಕೆ, ಓದುವುದಕ್ಕೆ ಸ್ಟ್ಯಾಂಡ್. ಉದ್ದದ ಬರಹಕ್ಕೆ ಧ್ವನಿ ಟೈಪಿಂಗ್ ಅಥವಾ ಬ್ಲೂಟೂತ್ ಕೀಬೋರ್ಡ್. ಕೈಯಲ್ಲೇ ಹಿಡಿಯುವಾಗ ಮೊಣಕೈ ಕೆಳಗೆ ದಿಂಬಿಟ್ಟು, ಮೊಬೈಲನ್ನು ಎದೆಯಿಂದ ಮೇಲಕ್ಕೆ ತನ್ನಿ.

ಪೋಶ್ಚರ್ ಬೆಲ್ಟ್ ನಮ್ಮ ದೃಷ್ಟಿಯಲ್ಲಿ ಅಷ್ಟಕ್ಕಷ್ಟೆ. ಅದು ಭುಜವನ್ನು ಹಿಂದಕ್ಕೆಳೆಯುತ್ತದೆ, ಆದರೆ ಮುಂದೆ ಚಾಚಿದ ತಲೆ ಚಾಚಿಯೇ ಇರುತ್ತದೆ. ಬಿಗಿಯಾದರೆ ಕಂಕುಳಲ್ಲಿ ಕೊರೆದು ಕೈ ಜುಮ್ಮೆನ್ನುತ್ತದೆ, ಆದ್ದರಿಂದ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ನೆಟ್ಟಗೆ ಕೂರಲು ನೆನಪಿಸುವ ಸಾಧನವೆಂದು 20–30 ನಿಮಿಷ ಕಟ್ಟಬಹುದು, ದಿನವಿಡೀ ಬೇಡ.

ಸ್ಟ್ರೆಚರ್ ಕೊಡುವ ಆರಾಮ ನಿಜವಾದದ್ದು, ಆದರೆ ತಾತ್ಕಾಲಿಕ. ಕತ್ತಿನ ಸಹಜ ಬಾಗನ್ನು ಶಾಶ್ವತವಾಗಿ ಮರಳಿಸುತ್ತದೆಂಬ ಮಾತನ್ನು ನಂಬಬೇಡಿ. ಮೆತ್ತನೆ ಹಾಸಿಗೆಯಲ್ಲಿ ಅದು ಹೂತುಹೋಗುತ್ತದೆ. ನೆಲದ ಮೇಲೆ ಚಾಪೆ ಹಾಸಿ, ಮಂಡಿ ಮಡಚಿ ಮಲಗಿ. ಉಬ್ಬಿದ ಭಾಗ ಕತ್ತಿನ ನಡುವಿಗೆ ಬರಬೇಕು. ತಲೆಬುರುಡೆಯ ಅಡಿಗೆ ಜಾರಿದರೆ ಗದ್ದ ಎದೆಯತ್ತ ಬಾಗಿ, ಬೇಡವೆಂದ ಭಂಗಿಯೇ ಮರಳುತ್ತದೆ. ಎರಡು ಬದಿ ಇರುವುದಾದರೆ ತಗ್ಗಿನ ಬದಿಯಿಂದ, 2–3 ನಿಮಿಷದಿಂದ ಶುರುಮಾಡಿ, ಕ್ರಮೇಣ 10 ನಿಮಿಷದವರೆಗೆ ಹೋಗಿ. ಏಳುವಾಗ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ಅದರ ಮೇಲೆ ನಿದ್ದೆ ಹೋಗುವುದು ಬೇಡ.

ದುಡ್ಡಿಲ್ಲದ ಒಂದು ವ್ಯಾಯಾಮ ಪೋಶ್ಚರ್ ಬೆಲ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ: ದೃಷ್ಟಿ ನೇರವಿಟ್ಟು ಗದ್ದವನ್ನು ನೇರ ಹಿಂದಕ್ಕೆ ಸರಿಸಿ, 5 ಸೆಕೆಂಡ್ ಹಿಡಿದು ಬಿಡಿ, ಹೀಗೆ 10 ಸಲ. ಹೆಚ್ಚಿನವರು ಇಲ್ಲಿ ತಲೆ ತಗ್ಗಿಸಿಬಿಡುತ್ತಾರೆ, ಗದ್ದ ಕೆಳಗಿಳಿಯಬಾರದು.

ನೋವು ತೋಳಿಗಿಳಿದು ಬೆರಳು ಮರಗಟ್ಟುತ್ತಿದ್ದರೆ, ಕೈಹಿಡಿತ ಸಡಿಲವಾಗಿದ್ದರೆ, ತಲೆ ಸುತ್ತುತ್ತಿದ್ದರೆ, ಇತ್ತೀಚೆಗೆ ಕತ್ತಿಗೆ ಪೆಟ್ಟಾಗಿದ್ದರೆ ಅಥವಾ ಮೂಳೆ ಸವೆತ, ರುಮಟಾಯ್ಡ್ ಸಂಧಿವಾತ ಇದ್ದರೆ ಸ್ಟ್ರೆಚರ್ ಮುಟ್ಟುವ ಮೊದಲು ವೈದ್ಯರಿಗೆ ತೋರಿಸಿ.