ವಾಚಿಗೆ ಲೋಕಲ್ ಚೈನು ಹಾಕಿಸಿದ್ದೀರಾ? ಮೊದಲು ಪಿನ್ ತೆಗೆದು ನೋಡಿ

ಮನೆಯಲ್ಲಿ ಹಿರಿಯರ ಹಳೆ ವಾಚು ಇದೆಯಾ? ಅದಕ್ಕೆ ಅಂಗಡಿಯ ಲೋಕಲ್ ಸ್ಟೀಲ್ ಚೈನು ಹಾಕಿಸಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಪ್ಪನ ಎಚ್‌ಎಂಟಿ ಜನತಾಗೆ ಆದದ್ದು ಇನ್ನೊಬ್ಬರ ವಾಚಿಗೆ ಆಗಬಾರದು.

ಕೊಪ್ಪಳದ ಬೇಸಿಗೆ ಗೊತ್ತಲ್ಲ, ಚರ್ಮದ ಬೆಲ್ಟು ಬೆವರಿಗೆ ಬೇಗ ಹಾಳಾಗುತ್ತದೆ. ಅದಕ್ಕೇ ಚೈನು ಹಾಕಿಸಿದೆವು. "ಏನೂ ಆಗಂಗಿಲ್ರೀ, ಗಟ್ಟಿ ಐತಿ" ಅಂದರು ಅಂಗಡಿಯವರು. ನೋಡೋಕೆ ಫಳಫಳ ಅಂತಿತ್ತು. ಒಂದು ದಿನ ಮುನಿರಾಬಾದ್ ಹತ್ತಿರ ಅಪ್ಪ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದರು. ಚೈನಿನ ಒಂದು ತುದಿ ಬಿಟ್ಟುಕೊಂಡು ವಾಚು ಕಾಂಕ್ರೀಟ್ ಮೇಲೆ ಬಿತ್ತು. ಗಾಜು ಸೀಳಿತು, ಒಳಗೆ ಹಿಂದೆ ಮುಂದೆ ಆಡುತ್ತಾ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರಿಯಿತು. ಡಯಲ್ ಮೇಲೆ 'ಪ್ಯಾರಾ ಶಾಕ್' ಅಂತ ಇರುತ್ತದೆ, ಸಣ್ಣಪುಟ್ಟ ಪೆಟ್ಟು ತಡೆಯುತ್ತದೆ ನಿಜ. ಅಷ್ಟು ಎತ್ತರದಿಂದ ಬಿದ್ದ ಪೆಟ್ಟನ್ನು ಅದು ತಡೆಯಲಿಲ್ಲ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಈಗ ಒಳಗಿನ ಸಾಮಾನಿಗೆ ಅಲೆಯಬೇಕು.

ಚೈನು ಬಿಚ್ಚಿ ನೋಡಿದೆ. ನಡುವಿನ ಕೊಂಡಿಗಳಿಗೆ ಏನೂ ಆಗಿರಲಿಲ್ಲ. ಕೈಕೊಟ್ಟಿದ್ದು ಚೈನನ್ನೂ ವಾಚನ್ನೂ ಹಿಡಿದಿಡುವ ಸ್ಪ್ರಿಂಗ್ ಪಿನ್. ಅದರ ಒಂದು ತುದಿ ಉಗುರಲ್ಲಿ ಒತ್ತಿದರೆ ಒಳಗೆ ಹೋಗಿ ಅಲ್ಲೇ ಕೂರುತ್ತಿತ್ತು, ಹೊರಗೆ ಚಿಮ್ಮುತ್ತಲೇ ಇರಲಿಲ್ಲ. ಒಳಗೆ ಬೆವರಿನ ಉಪ್ಪು, ತುಕ್ಕು. ಇನ್ನೊಂದು ತುದಿ ಒಂದೇ ಬದಿಗೆ ಸವೆದು ಚೂಪಾಗಿತ್ತು. ವಾಚಿಗೆ ಅಂಟಿ ಕೂರುವ ಮೊದಲ ಕೊಂಡಿ ಇದೆಯಲ್ಲ, ಅದು ಮೇಲಿಂದ ಗಟ್ಟಿ ಸ್ಟೀಲ್ ಥರ ಕಾಣುತ್ತದೆ. ತಿರುಗಿಸಿದರೆ ಬರೀ ತೆಳು ತಗಡು ಮಡಚಿದ್ದು, ಒಳಗೆ ಟೊಳ್ಳು. ಪಿನ್ ಹಿಡಿಯಬೇಕಾದ ಮಡಿಕೆ ಬಾಯಿ ಬಿಟ್ಟಿತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋದದ್ದು ನೋಡಿದ ನಮಗೆ, ಒಂದು ಕೊಂಡಿ ಬಿಟ್ಟರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ರಿಪೇರಿಗೆ ಕೊಟ್ಟ ಇನ್ನೊಂದು ಅಂಗಡಿಯವರು ಹೊಸ ಗಾಜು ಹಾಕಿ, ಪಿನ್ ಬದಲಿಸುವ ಬದಲು ಪಿನ್ ತೂತಿಗೆ ಇನ್‌ಸ್ಟಂಟ್ ಗಮ್ ಬಿಟ್ಟು ಕಳಿಸಿದ್ದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಆ ಗಮ್ ಒಣಗುವಾಗ ಬರುವ ಆವಿ ಸುತ್ತಮುತ್ತ ಬಿಳಿ ಪೊರೆಯಾಗಿ ಕೂರುತ್ತದೆ. ಗಾಜಿನ ಅಂಚೆಲ್ಲ ಮಂಜುಮಂಜು. ಮೊದಲ ಕೊಂಡಿ ಅಲ್ಲಾಡದಂತೆ ಅಂಟಿದ್ದರಿಂದ ಎಳೆತವೆಲ್ಲ ಪಕ್ಕದ ಪಿನ್ನಿಗೆ ಬಿದ್ದು ಅದೂ ಸಡಿಲವಾಯಿತು. ಮನೆಯಲ್ಲಿ ನೇಲ್ ಪಾಲಿಶ್ ರಿಮೂವರ್ ಹಾಕಿ ಗಮ್ ಬಿಡಿಸೋಣ ಅನ್ನಿಸಬಹುದು. ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಗಮ್ ಜೊತೆಗೆ ಗಾಜನ್ನೂ ತಿನ್ನುತ್ತದೆ, ಯಾಕಂದ್ರೆ ಇಂಥ ಹಳೆ ವಾಚುಗಳ ಗಾಜು ಅಸಲಿಗೆ ಅಕ್ರಿಲಿಕ್ ಪ್ಲಾಸ್ಟಿಕ್. ಚೈನನ್ನು ವಾಚಿನಿಂದ ಪೂರ್ತಿ ಬೇರೆ ಮಾಡಿದ ಮೇಲೇ ಅಸಿಟೋನ್ ಮುಟ್ಟಬೇಕು. ಬೆಸುಗೆ ಹಾಕಿಕೊಡ್ತೀವಿ ಅನ್ನುವವರಿಗೂ ಬೇಡ ಅನ್ನಿ. ಸ್ಟೀಲಿಗೆ ಬೆಸುಗೆ ಹಿಡಿಯೋಕೆ ಆಸಿಡ್ ಫ್ಲಕ್ಸ್ (ಲೋಹದ ಮೈ ಸ್ವಚ್ಛ ಮಾಡಿ ಬೆಸುಗೆ ಹಿಡಿಸುವ ಆಸಿಡ್ ದ್ರಾವಣ) ಬೇಕು. ಅದು ಸಂದಿಯಲ್ಲಿ ಉಳಿದರೆ ಅಲ್ಲಿಂದಲೇ ತುಕ್ಕು ಶುರು.

ಆಮೇಲೆ ಚೈನನ್ನು ನಾನೇ ಮನೆಯಲ್ಲಿ ಕೂತು ಸರಿ ಮಾಡಿದೆ, ಕಷ್ಟವೇನಿಲ್ಲ. ಮೊದಲು ಎರಡೂ ಕಡೆಯ ಸ್ಪ್ರಿಂಗ್ ಪಿನ್ ತೆಗೆದು ಹೊಸದು ತಂದೆ. ಒಂದು ಕೆಟ್ಟಿದ್ದರೆ ಇನ್ನೊಂದನ್ನೂ ನಂಬಬೇಡಿ. ಚೈನು ಕೂರುವ ಜಾಗದ ಅಗಲವನ್ನು ಸ್ಕೇಲಿನಲ್ಲಿ ಅಳೆಯಿರಿ, ನಮ್ಮದು 18 ಮಿಲಿಮೀಟರ್. ಪಿನ್ನಿನ ದಪ್ಪ ಸಾಮಾನ್ಯವಾಗಿ 1.5 ಮಿ.ಮೀ. ಸಿಗುತ್ತದೆ, ಕೊಂಡಿಯ ತೂತು ಹಿಡಿಸುವುದಾದರೆ 1.8ರದ್ದು ಹಾಕಿ. ತುದಿ ಮಾತ್ರ ವಾಚಿನ ತೂತಿಗೆ ಸರಿಯಾಗಿ ಕೂರಬೇಕು. ಸಣ್ಣದಾದರೆ ಆಡುತ್ತಾ ಆಡುತ್ತಾ ವಾಚಿನ ತೂತನ್ನೇ ಸವೆಸುತ್ತದೆ. ಚೈನು ಹೋದರೆ ಇನ್ನೊಂದು ಸಿಗುತ್ತದೆ, ತೂತು ಸವೆದರೆ ಏನು ಮಾಡ್ತೀರಿ?

ಬಾಯಿ ಬಿಟ್ಟ ತಗಡನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಒತ್ತಿ ಮುಚ್ಚಿದೆ. ಜೋರಾಗಿ ಒತ್ತಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಟೊಳ್ಳಿಗೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ತುಂಬಬಹುದು. ಆಗ ಹಳೆ ಪಿನ್ನಿಗೆ ಗ್ರೀಸ್ ಸವರಿ ಕೊಂಡಿಯ ತೂತಿನಲ್ಲಿ ಇಟ್ಟಿರಿ, ಇಲ್ಲದಿದ್ದರೆ ಪಿನ್ ಹೋಗುವ ಜಾಗವೂ ಮುಚ್ಚಿಹೋಗುತ್ತದೆ. ಒಂದು ದಿನ ಒಣಗಲಿ. ಇದರಿಂದ ಗಲಗಲ ಸದ್ದು ನಿಲ್ಲುತ್ತದೆ, ತಗಡು ಚಪ್ಪಟೆಯಾಗುವುದಿಲ್ಲ. ಪಿನ್ ಕೆಟ್ಟದಾಗಿದ್ದರೆ ಎಪಾಕ್ಸಿಯಿಂದ ಏನೂ ಪ್ರಯೋಜನವಿಲ್ಲ.

ಕೊಂಡಿಗಳ ನಡುವಿನ ಪಿನ್ ತೆಗೆಯುವಾಗ ಒಳಬದಿಯ ಬಾಣದ ಗುರುತು ನೋಡಿ. ಬಾಣದ ದಿಕ್ಕಿಗೆ ಹೊರಗೆ, ವಾಪಸ್ ಹಾಕುವಾಗ ಎದುರು ದಿಕ್ಕಿಂದ. ಕೈಯಲ್ಲೇ ಸಲೀಸಾಗಿ ಒಳಗೆ ಹೋಯಿತು ಅಂದರೆ ಆ ಪಿನ್ ಬಿಗಿ ಕಳೆದುಕೊಂಡಿದೆ ಅಂತ ಅರ್ಥ, ಬದಲಿಸಿ. ಸ್ಕ್ರೂ ಇರುವ ಚೈನಾದರೆ ಕಡಿಮೆ ಬಿಗಿತದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು, ಆಮೇಲೆ ಬಿಚ್ಚೋಕೂ ಬರುತ್ತದೆ.

ಎಲ್ಲ ಆದ ಮೇಲೆ ಹಾಸಿಗೆ ಮೇಲೆ ವಾಚು ಹಿಡಿದು ಚೈನನ್ನು ಎಳೆದು, ತಿರುಚಿ ನೋಡಿ. ಬಿದ್ದರೆ ಅಲ್ಲೇ ಬೀಳಲಿ. ಬೇಸಿಗೆಯಲ್ಲಂತೂ ಆಗಾಗ ಚೈನನ್ನು ಮಾತ್ರ ಬಿಚ್ಚಿ, ಸೋಪಿನ ನೀರಲ್ಲಿ ಹಳೆ ಬ್ರಷ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಿ.

ಹೊಸದಾಗಿ ಚೈನು ಕೊಳ್ಳುವವರು ಹೊಳಪಿಗೆ, ತೂಕಕ್ಕೆ ಮರುಳಾಗಬೇಡಿ. ಮೊದಲ ಕೊಂಡಿಯನ್ನು ತಿರುಗಿಸಿ ನೋಡಿ, ಪಿನ್ ಹೊರಗೆ ತೆಗೆದು ತೋರಿಸಿ ಅಂತ ಅಂಗಡಿಯಲ್ಲೇ ಕೇಳಿ. ತೋರಿಸೋಕೆ ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.