ಮೈಕಿನ ಸದ್ದಿಗೆ ಮದ್ದು: ಹೊಸ ಮೈಕೋ, ರಜಾಯಿಯೋ, ಸಾಫ್ಟ್‌ವೇರೋ?

ಕಣ್ಣು ಕಾಣದವರಿಗಾಗಿ ನಾನು ಕನ್ನಡ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಸ್ಟುಡಿಯೋ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಒಂದು ರೂಮು, ಲ್ಯಾಪ್‌ಟಾಪು, ಮೈಕನ್ನು ಅದಕ್ಕೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸು, ಎರಡು ಮೈಕು. ಕೇಳುವವರು ಇಯರ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಕೇಳುತ್ತಾರೆ. ಹಿಂದೆ ಸಣ್ಣಗೆ ಗುಂಯ್ ಅನ್ನುತ್ತಿದ್ದರೂ ಅವರಿಗೆ ತಲೆನೋವು. ಈ ಸದ್ದು ಹೋಗಲಾಡಿಸಲು ಜನ ಹೇಳುವ ಮುಖ್ಯ ದಾರಿಗಳನ್ನು ಇದೇ ರೂಮಿನಲ್ಲಿ, ಒಂದೇ ಪುಟ ಓದಿ, ಪಕ್ಕಪಕ್ಕ ಇಟ್ಟು ಕೇಳಿ ನೋಡಿದ್ದೇನೆ.

ಯಾವುದು ಮೇಲು ಅನ್ನುವ ಮೊದಲು ಸದ್ದು ಯಾವ ಜಾತಿಯದು ಅಂತ ಗೊತ್ತಾಗಬೇಕು. ಅರ್ಧ ನಿಮಿಷ ಸುಮ್ಮನೆ ಕೂತು ರೆಕಾರ್ಡ್ ಮಾಡಿ, ವಾಲ್ಯೂಮ್ ಏರಿಸಿ ಕೇಳಿ. ದಪ್ಪಗೆ ಗುಂಯ್ ಅಂದರೆ ಅದು ಕರೆಂಟಿನದು. ಸುಯ್ ಅಂತ ಮರಳು ಸುರಿದ ಹಾಗೆ ಬಂದರೆ ಗೇನ್, ಅಂದರೆ ಮೈಕಿನ ಸಿಗ್ನಲನ್ನು ದೊಡ್ಡದು ಮಾಡುವ ಮಟ್ಟ, ಜಾಸ್ತಿಯಾಗಿದೆ. ಫ್ಯಾನು, ಆಟೋ, ಗೋಡೆಯಿಂದ ವಾಪಸ್ ಬರುವ ಮಾತು, ಇವು ರೂಮಿನವು. ಡಿರ್ ಡಿರ್ ಅಂತ ತುಂಡು ತುಂಡಾಗಿ ಬಂದರೆ ಪಕ್ಕದಲ್ಲಿರುವ ಮೊಬೈಲು. ಅದನ್ನು ಬೇರೆ ರೂಮಿನಲ್ಲಿಟ್ಟರೆ ಮುಗಿಯಿತು.

ಗುಂಯ್ ಸದ್ದಿಗೆ ಎರಡು ಮದ್ದು ಹೋಲಿಸಿದೆ: ಸಾಫ್ಟ್‌ವೇರಿನಲ್ಲಿ ಫಿಲ್ಟರ್ ಹಾಕಿ ಆ ಸದ್ದನ್ನು ಕತ್ತರಿಸುವುದು, ಲ್ಯಾಪ್‌ಟಾಪಿನ ಚಾರ್ಜರ್ ಕೀಳುವುದು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಹಾಗಾಗಿ ಈ ಸದ್ದು 50, 100, 150 ಹೀಗೆ ಸಾಲಾಗಿ ಬಂದು ಕೂರುತ್ತದೆ. 50ನ್ನು ಫಿಲ್ಟರಿನಲ್ಲಿ ಕತ್ತರಿಸಿದರೆ ಏನೂ ನಷ್ಟವಿಲ್ಲ. ಆದರೆ 100, 150ರ ಹತ್ತಿರ ಗಂಡಸಿನ ದನಿಯೇ ಇರುತ್ತದೆ. ಅಲ್ಲಿ ಕೈ ಹಾಕಿದರೆ ದನಿ ತೆಳ್ಳಗಾಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓದಿದಾಗ ಗುಂಯ್ ಪೂರ್ತಿ ನಿಂತಿತು. ದುಡ್ಡೂ ಖರ್ಚಿಲ್ಲ. ಜಾಸ್ತಿ ಹೊತ್ತು ಓದುವ ದಿನ ಬ್ಯಾಟರಿ ಸಾಲುವುದಿಲ್ಲ, ಆಗ ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಸಾಕೆಟ್ ಬೇಕು. ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಮೈಕಿನ ಲೋಹದ ಮೈ ಹಿಡಿದಾಗ ಗುಂಯ್ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅರ್ಥ್ ಪಿನ್ ತೆಗೆದುಬಿಟ್ಟರೆ ಸದ್ದು ಹೋಗುತ್ತದೆ ಅನ್ನುವವರಿದ್ದಾರೆ. ಹೋಗಲೂಬಹುದು, ಆದರೆ ಜೀವಕ್ಕೆ ಅಪಾಯ. ದಯವಿಟ್ಟು ಮಾಡಬೇಡಿ.

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೂ ಮರೆಯಬೇಡಿ. ಕಡಿಮೆ ಸ್ಪೀಡಿನಲ್ಲಿ ಅದು ಫ್ಯಾನನ್ನು ಗುಂಯ್‌ಗುಡಿಸುವುದುಂಟು, ಕೆಲವೊಮ್ಮೆ ವೈರಿನ ಮೂಲಕ ಮೈಕಿಗೂ ನುಗ್ಗುತ್ತದೆ. ನಾನು ಓದುವಾಗ ಫ್ಯಾನ್ ಪೂರ್ತಿ ಆಫ್. ಬೇಸಿಗೆಯಲ್ಲಿ ಬೆಳಗಿನ ಜಾವ ಓದುತ್ತೇನೆ.

ಇನ್ನು ಮೈಕು. ಇದರಲ್ಲಿ ಎರಡು ಬಗೆ: ಸೂಕ್ಷ್ಮವಾದ ಕಂಡೆನ್ಸರ್, ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವಂಥ ಡೈನಾಮಿಕ್. ಕಂಡೆನ್ಸರ್ ಎಲ್ಲ ಸದ್ದನ್ನೂ ಎಳೆದುಕೊಳ್ಳುತ್ತದೆ, ಡೈನಾಮಿಕ್ ತೆಗೆದುಕೊಂಡರೆ ರಸ್ತೆ ಸದ್ದು ಬರುವುದಿಲ್ಲ ಅನ್ನುವ ಮಾತು ತುಂಬಾ ಕೇಳಿಬರುತ್ತದೆ, ಅಲ್ವಾ? ನನ್ನ ಹತ್ತಿರ ಎರಡೂ ಇವೆ, ಎರಡೂ ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥವು. ಬಾಯಿಂದ ಒಂದೇ ದೂರದಲ್ಲಿಟ್ಟು, ಓದಿನ ಮಟ್ಟ ಸಮ ಮಾಡಿ ಕೇಳಿದೆ. ಆಟೋ ಸದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ! ಡೈನಾಮಿಕ್ ಮೈಕನ್ನು ನಾವು ತುಟಿಯ ಹತ್ತಿರ ಹಿಡಿಯುತ್ತೇವೆ, ಕಂಡೆನ್ಸರನ್ನು ದೂರ ಇಡುತ್ತೇವೆ. ಆ ಹೆಸರು ಬಂದಿದ್ದು ಮುಖ್ಯವಾಗಿ ಇದರಿಂದ. ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. 40 ಸೆಂಟಿಮೀಟರಿನಿಂದ 10ಕ್ಕೆ ಬಂದರೆ 12 ಡೆಸಿಬಲ್. ರೂಮಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ನಾನು ಮಾಡಿ ನೋಡಿದ್ದರಲ್ಲಿ ಅತಿ ದೊಡ್ಡ ವ್ಯತ್ಯಾಸ ತಂದದ್ದು ಇದೇ.

ಸುಯ್ ಸದ್ದಿನಲ್ಲಿ ಕಂಡೆನ್ಸರೇ ಗೆಲ್ಲುತ್ತದೆ. ಅಂಕಿ ನೋಡಿ: ಶೂರ್ ಎಸ್‌ಎಂ58 ಡೈನಾಮಿಕ್ ಮೈಕು, ಆಡಿಯೋ-ಟೆಕ್ನಿಕಾ ಎಟಿ2020 ಕಂಡೆನ್ಸರು. ಒಂದೇ ದನಿಗೆ ಎರಡನೆಯದು ಕೊಡುವ ಸಿಗ್ನಲ್ ಸುಮಾರು 17 ಡೆಸಿಬಲ್ ಜಾಸ್ತಿ. ಡೈನಾಮಿಕ್‌ಗೆ ಅಷ್ಟು ಗೇನನ್ನು ಇಂಟರ್‌ಫೇಸ್ ತುಂಬಿಕೊಡಬೇಕು. ಸಾಧಾರಣ ಇಂಟರ್‌ಫೇಸಿನಲ್ಲಿ ನಾಬನ್ನು ಕೊನೆತನಕ ತಿರುಗಿಸಿದಾಗ ಸುಯ್ ಎದ್ದು ಬರುತ್ತದೆ. ನನ್ನದು ಮೆಲುದನಿ, ಹಾಗಾಗಿ ಕಂಡೆನ್ಸರನ್ನೇ ಹತ್ತಿರ ಎಳೆದುಕೊಂಡೆ. ಹತ್ತಿರ ಬಂದರೆ ಪ, ಫ, ಬ, ಭ ಬಂದಾಗಲೆಲ್ಲ ಡಬ್ ಅನ್ನುತ್ತದೆ. ಬಾಯಿಗೂ ಮೈಕಿಗೂ ನಡುವೆ ಪಾಪ್ ಫಿಲ್ಟರ್ ಅನ್ನುವ ತೆಳು ಪರದೆ ಹಾಕಿ, ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿಟ್ಟರೆ ಸರಿಹೋಗುತ್ತದೆ. ಮೈಕಿನ ಬೆನ್ನು ಕಿಟಕಿಯ ಕಡೆ ಇರಲಿ, ಕಾರ್ಡಿಯಾಯ್ಡ್‌ಗೆ ಬೆನ್ನಿನ ಕಡೆ ಕಿವಿ ಮಂದ.

ಲ್ಯಾಪ್‌ಟಾಪಿನ 3.5 ಎಂಎಂ ತೂತಿಗೆ ನೇರವಾಗಿ ಕಾಲರ್ ಮೈಕ್ ಹಾಕುವವರು ವಿಂಡೋಸ್‌ನ ಮೈಕ್ರೊಫೋನ್ ಬೂಸ್ಟ್ ಸೆಟ್ಟಿಂಗ್ ನೋಡಿಕೊಳ್ಳಿ. ಅದು 20, 30 ಡೆಸಿಬಲ್‌ನಲ್ಲಿದ್ದರೆ ಸುಯ್ ಎಲ್ಲಿಂದ ಅಂತ ಹುಡುಕುವುದೇ ಬೇಡ.

ಇನ್ನು ಗೋಡೆಗೆ ಕಟ್ಟುವ ರಜಾಯಿ ಮತ್ತು ಮೊಟ್ಟೆ ಟ್ರೇ. ಟ್ರೇ ಬಗ್ಗೆ ಹೇಳುವುದು ಕಡಿಮೆ: ಹೊರಗಿನ ಸದ್ದನ್ನು ಅದು ತಡೆಯುವುದಿಲ್ಲ, ಒಳಗಿನ ಪ್ರತಿಧ್ವನಿಗೂ ಹೆಚ್ಚೇನೂ ಮಾಡುವುದಿಲ್ಲ. ದಪ್ಪ ರಜಾಯಿಯೂ ಹೊರಗಿನ ಸದ್ದು ತಡೆಯದು, ಆದರೆ ಡಬ್ಬದೊಳಗೆ ಮಾತಾಡಿದಂಥ ದನಿಯನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ. ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ಮೈಕಿನ ಹಿಂದೆ ಕಟ್ಟಿದ್ದಕ್ಕಿಂತ ನನ್ನ ಬೆನ್ನ ಹಿಂದೆ ಕಟ್ಟಿದಾಗ ಫಲ ಜಾಸ್ತಿ ಸಿಕ್ಕಿತು. ಮೈಕಿನ ಮುಖ ಇರುವುದು ಆ ಕಡೆಗೇ ತಾನೆ. ನೆಲಕ್ಕೆ ಒಂದು ಜಮಖಾನ ಹಾಸಿದರೆ ಇನ್ನೂ ಒಳ್ಳೆಯದು.

ಕೊನೆಗೆ ಸಾಫ್ಟ್‌ವೇರು. ಇಲ್ಲಿ ಮೂರು ಬಗೆ ನೋಡಿದೆ. ಆಡಾಸಿಟಿ ಅನ್ನುವ ಉಚಿತ ಆಡಿಯೋ ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್‌ಗೆ ಸುಮ್ಮನಿದ್ದ ತುಣುಕೊಂದನ್ನು ತೋರಿಸಿದರೆ ಅಂಥದೇ ಸದ್ದನ್ನು ಎಲ್ಲ ಕಡೆ ಇಳಿಸುತ್ತದೆ. ಒಂದೇ ಸಮ ಬರುವ ಸುಯ್ ಸದ್ದಿಗೆ ಇದು ಒಳ್ಳೆಯದು, ಕುಕ್ಕರ್ ಸೀಟಿಗೆ ಉಪಯೋಗವಿಲ್ಲ. ಇಳಿಕೆಯನ್ನು 12 ಡೆಸಿಬಲ್ ದಾಟಿಸಿದಾಗ ದನಿ ನೀರೊಳಗಿಂದ ಬಂದಂತಾಯಿತು, ಸ, ಶ, ಷ ಒಂದರೊಳಗೊಂದು ಕಲಸಿಹೋದವು. ನಾನು 6ರಿಂದ 9ರಲ್ಲಿ ನಿಲ್ಲಿಸುತ್ತೇನೆ.

ಒಬಿಎಸ್ ಅನ್ನುವ ರೆಕಾರ್ಡಿಂಗ್, ಲೈವ್ ಸಾಫ್ಟ್‌ವೇರಿನಲ್ಲಿ ಸಿಗುವ ಆರ್‌ಎನ್‌ನಾಯ್ಸ್ ಮಾತನ್ನೂ ಗದ್ದಲವನ್ನೂ ತಾನೇ ಬೇರ್ಪಡಿಸಲು ನೋಡುತ್ತದೆ. ಆನ್‌ಲೈನ್ ಪಾಠ, ಮೀಟಿಂಗಿಗೆ ನಾನು ಇದನ್ನೇ ಆರಿಸುವೆ. ಪುಸ್ತಕ ಓದಿಗೆ ಬೇಡ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ, ಅಷ್ಟರಲ್ಲಿ ದನಿಯೂ ಇಳಿದಿರುತ್ತದೆ. ಆ ಮೆಲ್ಲನೆಯ ಬಾಲವನ್ನೇ ಅದು ಕೆಲವೊಮ್ಮೆ ನುಂಗಿತು. ಬಂದನೋ ಬಂದಳೋ ತಿಳಿಯದಿದ್ದರೆ ಕೇಳುವವರು ಏನು ಮಾಡಬೇಕು?

ಮಾತು ನಿಂತಾಗ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ನನಗೆ ಎಲ್ಲಕ್ಕಿಂತ ಕಡಿಮೆ ಹಿಡಿಸಿತು. ವಾಕ್ಯಗಳ ನಡುವೆ ಪೂರ್ತಿ ನಿಶ್ಶಬ್ದ, ಮಾತು ಶುರುವಾದ ಕೂಡಲೇ ಹಿಂದಿನ ಸದ್ದೂ ಹಾಜರ್. ಹೀಗೆ ಬಂದು ಹೋಗುವ ಸದ್ದು ಒಂದೇ ಸಮ ಇರುವ ಸದ್ದಿಗಿಂತ ಜಾಸ್ತಿ ಕಿರಿಕಿರಿ. ಅದರ ಬದಲು ಓದು ಶುರುಮಾಡುವ ಮುಂಚೆ ರೂಮಿನ ಖಾಲಿ ಸದ್ದನ್ನು ಹತ್ತಿಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ಕೆಮ್ಮು, ಪುಟ ತಿರುವಿದ ಸದ್ದು, ಹಾರ್ನು ಕತ್ತರಿಸಿದ ಜಾಗದಲ್ಲಿ ಅದರದೇ ಒಂದು ತುಂಡು ಅಂಟಿಸಿದರೆ ಕತ್ತರಿಸಿದ್ದು ಕಿವಿಗೆ ಗೊತ್ತೇ ಆಗುವುದಿಲ್ಲ.